ಚೀನೀ ಮೂಲದ ಸೊಸೆಯ ಹಿರಿಯರು ಯಾವ ಊರಿನವರು?

ಪ್ರಶ್ನೆ: ನಮ್ಮ ಸೊಸೆ ಕೋಲ್ಕತ್ತಾದ ಟಾಂಗ್ರಾದಲ್ಲಿ ಹುಟ್ಟಿ ಬೆಳೆದವಳು. ಅವಳ ಮುತ್ತಜ್ಜ ಚೀನಾದಿಂದ ಬಂದು ಅಲ್ಲಿ ಚರ್ಮ ಹದಮಾಡುತ್ತಿದ್ದರಂತೆ. ಕಾಗದಪತ್ರಗಳಲ್ಲಿ ಮನೆತನದ ಹೆಸರು ‘ಚಿನ್’ ಎಂದಿದೆ. ಮೂಲ ಊರು ಬೀಗರಿಗೂ ತಿಳಿಯದು. ಮೊಮ್ಮಗನಿಗೆ ತಾಯಿಯ ಕಡೆಯ ವಂಶಾವಳಿಯನ್ನೂ ಬರೆದಿಡಬೇಕೆಂದಿದ್ದೇವೆ. ಹೇಗೆ ಹುಡುಕಬೇಕು?
– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ‘ಚಿನ್’ ಎಂಬ ಇಂಗ್ಲಿಷ್ ಕಾಗುಣಿತವನ್ನು ನಂಬಿ ಹೊರಡಬೇಡಿ. ಚೀನೀ ಲಿಪಿಯ ಒಂದೇ ಅಕ್ಷರವನ್ನು ಚೀನಾದ ಬೇರೆಬೇರೆ ನುಡಿಯವರಲ್ಲಿ ಮ್ಯಾಂಡರಿನ್‌ನವರು ಚೆನ್ ಎಂದೂ, ಕ್ಯಾಂಟನೀಸ್‌ನವರು ಚಾನ್ ಎಂದೂ, ಹೊಕ್ಕಿಯನ್‌ನವರು ತಾನ್ ಎಂದೂ, ಹಕ್ಕಾದವರು ಚಿನ್ ಎಂದೂ ಉಚ್ಚರಿಸುತ್ತಾರೆ; ಬರೆದುಕೊಂಡ ಗುಮಾಸ್ತನ ಕಿವಿಗೆ ಬಿದ್ದದ್ದೇ ದಾಖಲೆಯಾಗಿದೆ. ಟಾಂಗ್ರಾದ ಚರ್ಮೋದ್ಯಮಿಗಳಲ್ಲಿ ಹೆಚ್ಚಿನವರು ಗ್ವಾಂಗ್‌ಡಾಂಗ್ ಪ್ರಾಂತದ ಮೇಯ್‌ಶ್ಯೆನ್ ಕಡೆಯ ಹಕ್ಕಾ ಜನರಾದ್ದರಿಂದ ನಿಮ್ಮ ಬೀಗರೂ ಅಲ್ಲಿಯವರಿರಬಹುದು, ಆದರೆ ಇದು ಊಹೆಯಷ್ಟೆ. ಮೊದಲು ಮುತ್ತಜ್ಜನ ಹೆಸರಿನ ಚೀನೀ ಅಕ್ಷರಗಳೂ ಹಳ್ಳಿಯ ಹೆಸರೂ ಸಿಗಬೇಕು.

ಇವೆರಡೂ ಒಟ್ಟಿಗೆ ಸಿಗುವ ಸಾಧ್ಯತೆ ಹೆಚ್ಚಿರುವುದು ಗೋರಿಕಲ್ಲಿನ ಮೇಲೆ. ಪರದೇಶದಲ್ಲಿ ತೀರಿಕೊಂಡವರ ಕಲ್ಲಿನ ಮೇಲೆ ಹುಟ್ಟಿದ ಜಿಲ್ಲೆಯನ್ನೂ ಹಲವು ವೇಳೆ ಹಳ್ಳಿಯನ್ನೂ ಕೆತ್ತಿಸುವುದು ಅವರ ಪದ್ಧತಿ. ಕೋಲ್ಕತ್ತಾದ ಚೀನೀ ಸ್ಮಶಾನದಲ್ಲಿರುವ ಕಲ್ಲಿನ ಸ್ಪಷ್ಟ ಫೋಟೋ ತರಿಸಿ, ಚೀನೀ ಓದಬಲ್ಲವರಿಗೆ ತೋರಿಸಿರಿ. 1962ರ ಯುದ್ಧದ ಬಳಿಕ ಸುಮಾರು 3,000 ಭಾರತೀಯ ಚೀನೀಯರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಲಾಗಿತ್ತು. ಮುಂದೆ ಅನೇಕ ಕುಟುಂಬಗಳು ಕೆನಡಾದ ಟೊರಾಂಟೊಗೆ ಹೋದವು. ಬೀಗರ ಬಂಧುಗಳು ಅಲ್ಲಿದ್ದರೆ ಹಳೆಯ ಪತ್ರಗಳು ಅವರ ಬಳಿ ಉಳಿದಿರಬಹುದು. ಆ ದಿನಗಳ ಮಾತನ್ನು ಹಿರಿಯರು ಬೇಗ ಎತ್ತುವುದಿಲ್ಲ, ಒತ್ತಾಯಿಸದಿರುವುದು ಮೇಲು.

ಹಳ್ಳಿ ತಿಳಿದ ಮೇಲೆ ‘ಜುಪು’ ಎಂಬ ಕುಲದ ವಂಶಾವಳಿ ಪುಸ್ತಕವನ್ನು ಹುಡುಕಬಹುದು. ನಮ್ಮ ಭಾಗದಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆತನದ ತಲೆಮಾರುಗಳನ್ನು ಓದಿ ಹೇಳುವಂತೆ, ಅಲ್ಲಿ ಆ ಕೆಲಸವನ್ನು ಕುಲದವರೇ ಬರೆದಿಟ್ಟ ಪುಸ್ತಕ ಮಾಡುತ್ತದೆ. ಅನೇಕ ಕುಲಗಳಲ್ಲಿ ಒಂದು ತಲೆಮಾರಿನ ಗಂಡುಮಕ್ಕಳ ಹೆಸರಿನಲ್ಲಿ ಒಂದು ಅಕ್ಷರ ಸಮಾನವಾಗಿರುತ್ತದೆ, ಆ ಅಕ್ಷರಗಳ ಸರದಿಯನ್ನು ಹಿರಿಯರು ಪದ್ಯವಾಗಿ ಮೊದಲೇ ಕಟ್ಟಿಟ್ಟಿರುತ್ತಾರೆ. ಆದ್ದರಿಂದ ಮುತ್ತಜ್ಜನ ಪೂರ್ಣ ಹೆಸರಿನಿಂದಲೇ ಅವರು ಎಷ್ಟನೆಯ ತಲೆಮಾರಿನವರೆಂದು ಲೆಕ್ಕ ಹಾಕಬಹುದು. ಹಳೆಯ ಜುಪುಗಳಲ್ಲಿ ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಸೊಸೆಯ ಅಜ್ಜಿಯರ ವಿವರವನ್ನು ಈಗಲೇ ಕೇಳಿ ಬರೆದುಕೊಳ್ಳಿ. 1966ರ ನಂತರದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಎಷ್ಟೋ ಪ್ರತಿಗಳು ಸುಟ್ಟುಹೋದವು. ಉಳಿದವುಗಳ ದೊಡ್ಡ ಸಂಗ್ರಹ ಶಾಂಘೈ ಗ್ರಂಥಾಲಯದಲ್ಲಿದೆ, ಫ್ಯಾಮಿಲಿಸರ್ಚ್ ಜಾಲತಾಣದಲ್ಲಿಯೂ ಅನೇಕ ಪ್ರತಿಗಳನ್ನು ಉಚಿತವಾಗಿ ನೋಡಬಹುದು. ಡಿಎನ್‌ಎ ಪರೀಕ್ಷೆಗೆ ಹಣ ಕೊಡುವ ಅವಸರ ಬೇಡ, ಅದು ಹಳ್ಳಿಯ ಹೆಸರು ಹೇಳುವುದಿಲ್ಲ.

ಪ್ರಶ್ನೆ: ಅಷ್ಟು ದೊಡ್ಡ ಚೀನಾದಿಂದ ವಲಸೆ ಹೋದವರಲ್ಲಿ ಹೆಚ್ಚಿನವರು ಗ್ವಾಂಗ್‌ಡಾಂಗ್, ಫುಜಿಯಾನ್ ಪ್ರಾಂತಗಳವರೇ ಏಕೆ?
– ವಿದ್ಯಾರ್ಥಿನಿ, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ಎರಡೂ ಗುಡ್ಡಗಾಡಿನ ಕರಾವಳಿಗಳು, ಉಳುವ ನೆಲ ಕಡಿಮೆ, ಹಡಗಿನ ವ್ಯಾಪಾರ ಹಳೆಯದು. ಅಫೀಮು ಯುದ್ಧದ ನಂತರ 1842ರ ಒಪ್ಪಂದದಿಂದ ವಿದೇಶಿ ವ್ಯಾಪಾರಕ್ಕೆ ತೆರೆದ ಐದು ಬಂದರುಗಳಲ್ಲಿ ಗ್ವಾಂಗ್‌ಝೌ, ಶಿಯಾಮೆನ್, ಫುಝೌ ಈ ಪ್ರಾಂತಗಳಲ್ಲಿಯೇ ಇವೆ. 1850ರಿಂದ 1864ರವರೆಗಿನ ತೈಪಿಂಗ್ ದಂಗೆ ಊರು ಬಿಡಿಸಿತು, ಕ್ಯಾಲಿಫೋರ್ನಿಯಾದ ಚಿನ್ನದ ಸುದ್ದಿ ದಾರಿ ತೋರಿಸಿತು. ವಿಚಿತ್ರವೆಂದರೆ, ದೇಶ ಬಿಡಬಾರದೆಂಬ ಹಳೆಯ ನಿಷೇಧವನ್ನು ಆಗ ಚೀನಾವನ್ನಾಳುತ್ತಿದ್ದ ಚಿಂಗ್ ಸರ್ಕಾರ ಪೂರ್ತಿ ತೆಗೆದದ್ದು 1893ರಲ್ಲಿ, ಲಕ್ಷಗಟ್ಟಲೆ ಜನ ಹೋದ ಮೇಲೆ. ಹೋದವರು ಮನೆಗೆ ಹಣದೊಡನೆ ಕಳುಹಿಸಿದ ‘ಚಿಯಾವೊಪಿ’ ಪತ್ರಗಳು 2013ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿವೆ.