ಚಳಿಗೆ ಸೋತರಂತೆ! ಮೊದಲು ಲಾರಿ ಲೆಕ್ಕ ಹಾಕಿ
ಓದುಗರ ಪ್ರಶ್ನೆಗೆ ಉತ್ತರ: ಸೇನೆಯ ಸರಬರಾಜು ವಿಭಾಗದ ನಿವೃತ್ತ ಅಧಿಕಾರಿ, ಹಾಸನ

ಪ್ರಶ್ನೆ: ನೆಪೋಲಿಯನ್, ಹಿಟ್ಲರ್ ಇಬ್ಬರ ಹತ್ತಿರವೂ ಭಾರಿ ಸೈನ್ಯ ಇತ್ತು. ಆದರೂ ರಷ್ಯಾದಲ್ಲಿ ಸೋತರು. ಅಲ್ಲಿನ ಚಳಿಯೇ ಕಾರಣ ಅಲ್ವಾ ಸರ್? (ಓದುಗರೊಬ್ಬರು, ಅಜ್ಜಂಪುರ)

ಅಲ್ಲ. ಈ ಪ್ರಶ್ನೆ ಬಾರದ ತಿಂಗಳೇ ಇಲ್ಲ. ಹಿಮದ ಫೋಟೊ ಮೇಲೆ ಎರಡು ಸಾಲು ಬರೆದು ವಾಟ್ಸಾಪಿನಲ್ಲಿ ಹಂಚುವವರು ಒಮ್ಮೆ ತಾರೀಖು ನೋಡಲಿ.

ನೆಪೋಲಿಯನ್ ರಷ್ಯಾದ ಗಡಿಯ ನೇಮನ್ ನದಿ ದಾಟಿದ್ದು 1812ರ ಜೂನ್ 24ರಂದು. ಆಗ ಅಲ್ಲಿ ಬೇಸಿಗೆ. ಅವನ ಮುಖ್ಯ ಪಡೆಯಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಸೆಪ್ಟೆಂಬರ್ 14ಕ್ಕೆ ಮಾಸ್ಕೋ ಸೇರಿದಾಗ ಜೊತೆಗೆ ಉಳಿದವರು ಸುಮಾರು 1 ಲಕ್ಷ. ಹಿಮ ಇನ್ನೂ ಬಿದ್ದಿರಲಿಲ್ಲ. ಒಂದಿಷ್ಟು ಜನರನ್ನು ದಾರಿಯ ಊರುಗಳ ಕಾವಲಿಗೆ ಬಿಟ್ಟಿದ್ದ, ಬೊರೊಡಿನೊ ಕದನದಲ್ಲೂ ತುಂಬಾ ಜನ ಸತ್ತರು, ಒಪ್ಪೋಣ. ಮಿಕ್ಕವರನ್ನು ಟೈಫಸ್ ಜ್ವರ, ಆಮಶಂಕೆ, ಹಸಿವು ತಿಂದವು. ಸುಮಾರು ಜನ ಹೇಳದೆ ಕೇಳದೆ ಓಡಿಹೋದರು.

ಕುದುರೆಗಳ ಪಾಡು ಇನ್ನೂ ಕೆಟ್ಟದ್ದು. ಒಣ ಮೇವಿನ ಗಾಡಿ ಎಲ್ಲೋ ಹಿಂದೆ ಕೆಸರಿನಲ್ಲಿ ಹೂತಿತ್ತು. ಹೊಲದಲ್ಲಿ ನಿಂತ ರೈ ಅನ್ನುವ ಧಾನ್ಯದ ಹಸಿ ಪೈರನ್ನೇ ಮೇಯಿಸಿದರು. ಹೊಟ್ಟೆ ಉಬ್ಬರಿಸಿ, ಮಳೆಯಲ್ಲಿ ನೆನೆದು, ಸಾವಿರಾರು ಕುದುರೆ ಮೊದಲ ವಾರಗಳಲ್ಲೇ ಸತ್ತವು. ಕುದುರೆ ಇಲ್ಲದೆ ಗಾಡಿ ಇಲ್ಲ, ಗಾಡಿ ಇಲ್ಲದೆ ರೊಟ್ಟಿ ಇಲ್ಲ. ಚಳಿ ಬಂದದ್ದು ಆಮೇಲೆ, ಬಿದ್ದವನನ್ನು ತುಳಿಯೋಕೆ.

ಹಿಟ್ಲರ್ ಕಥೆಯೂ ಬೇರೆ ಅಲ್ಲ. 1941ರ ಜೂನ್ 22ಕ್ಕೆ ಹೊರಟ 30 ಲಕ್ಷಕ್ಕೂ ಹೆಚ್ಚು ಜರ್ಮನ್ ಸೈನಿಕರ ಜೊತೆ ಟ್ಯಾಂಕಷ್ಟೇ ಅಲ್ಲ, 6 ಲಕ್ಷಕ್ಕೂ ಮೇಲೆ ಕುದುರೆ ಇದ್ದವು. ಸಿನಿಮಾದವರು ಇದನ್ನು ತೋರಿಸಲ್ಲ. ರಷ್ಯಾದ ರೈಲು ಹಳಿಯ ಅಗಲ 1524 ಮಿ.ಮೀ., ಜರ್ಮನಿಯದು 1435. ಆ 9 ಸೆಂಟಿಮೀಟರಿಗಾಗಿ ಸಾವಿರಾರು ಕಿ.ಮೀ. ಹಳಿ ಕಿತ್ತು, ಒಳಗೆ ಸರಿಸಿ, ಮತ್ತೆ ಮೊಳೆ ಹೊಡೆಯಬೇಕಾಯಿತು. ಅಲ್ಲಿಯವರೆಗೆ ಲಾರಿಯೇ ಗತಿ. ಲಾರಿ ನೆಚ್ಚಿಕೊಂಡು ಸುಮಾರು 500 ಕಿ.ಮೀ. ದಾಟುವುದು ಕಷ್ಟ ಅಂತ ಅವರ ಸರಬರಾಜು ಅಧಿಕಾರಿಗಳಿಗೇ ಗೊತ್ತಿತ್ತು. ಮಾಸ್ಕೋ ಇದ್ದದ್ದು ಗಡಿಯಿಂದ ಸುಮಾರು 1000 ಕಿ.ಮೀ. ದೂರ.

ಲಾರಿ ಲೆಕ್ಕ ಕಷ್ಟದ್ದೇನಲ್ಲ. ಹೋಗೋಕೆ ಎಷ್ಟು ಎಣ್ಣೆಯೋ ಖಾಲಿ ಬರೋಕೂ ಹೆಚ್ಚು ಕಡಿಮೆ ಅಷ್ಟೇ ಎಣ್ಣೆ. ದೂರ ದುಪ್ಪಟ್ಟಾದರೆ ಅದೇ ಲಾರಿ ತಿಂಗಳಿಗೆ ಅರ್ಧದಷ್ಟು ಸಲ ಮಾತ್ರ ಮುಟ್ಟುತ್ತದೆ. ಟೈರು, ಡ್ರೈವರು ಸವೆಯುವುದು ಬೇರೆ. ಶಿರಾಡಿ ಘಾಟಿ ಕುಸಿದಾಗ ಹಾಸನದ ಗೋದಾಮು ತುಂಬಿದ್ದು ಮಂಗಳೂರಿನ ಅಂಗಡಿಗೆ ಏನು ಉಪಯೋಗ? ಜರ್ಮನರ ಚಳಿಬಟ್ಟೆಯೂ ಹಾಗೇ ಪೋಲೆಂಡಿನಲ್ಲಿ ಬಿದ್ದಿತ್ತು. ರೈಲಿನಲ್ಲಿ ಗುಂಡು, ಎಣ್ಣೆಗೇ ಜಾಗ ಸಾಲದು, ಕೋಟು ಯಾರು ತರ್ತಾರೆ? ಅದೇ ಚಳಿಯಲ್ಲಿ ಡಿಸೆಂಬರ್ 5ರಂದು ರಷ್ಯನ್ನರು ತಿರುಗಿ ಬಿದ್ದರು. ಥರ್ಮಾಮೀಟರ್ ಇಬ್ಬರಿಗೂ ಒಂದೇ.

ಇದಕ್ಕಿಂತ ದೊಡ್ಡ ರೋಗ ಇನ್ನೊಂದು: ಮೇಲೆ ಕೂತವನಿಗೆ ಬೇಕಾದ ಲೆಕ್ಕವನ್ನೇ ಕೆಳಗಿನವರು ಕೊಡುವುದು. ಎದುರಾಳಿಯ ಹತ್ತಿರ 200 ಡಿವಿಷನ್ (ಸಾವಿರಾರು ಸೈನಿಕರ ಪಡೆ) ಇರಬಹುದು ಅಂದುಕೊಂಡು ಹೊರಟಿದ್ದೆವು, ಈಗಾಗಲೇ 360 ಎಣಿಸಿದ್ದೇವೆ ಅಂತ ಜರ್ಮನ್ ಸೇನೆಯ ಮುಖ್ಯಸ್ಥರಲ್ಲೊಬ್ಬನಾದ ಹಾಲ್ಡರ್ ಆಗಸ್ಟಿನಲ್ಲೇ ದಿನಚರಿಯಲ್ಲಿ ಬರೆದುಕೊಂಡ. ಯುದ್ಧ ನಿಲ್ಲಲಿಲ್ಲ. ಮುಂದಿನ ವರ್ಷ ಸ್ಟಾಲಿನ್‌ಗ್ರಾಡ್‌ನಲ್ಲಿ ಸೈನ್ಯ ಸಿಕ್ಕಿಬಿದ್ದಾಗ ವಿಮಾನದಲ್ಲೇ ಎಲ್ಲ ತಲುಪಿಸುತ್ತೇನೆ ಅಂತ ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಮಾತು ಕೊಟ್ಟ. ದಿನಕ್ಕೆ ಕನಿಷ್ಠ 300 ಟನ್ ಬೇಕಿತ್ತು, ಸಿಕ್ಕಿದ್ದು ಸರಾಸರಿ 100ರ ಆಸುಪಾಸು. 1943ರ ಫೆಬ್ರವರಿ 2ಕ್ಕೆ ಅಲ್ಲಿ ಎಲ್ಲ ಮುಗಿಯಿತು. ‘ಆಗಲ್ಲ ಸರ್’ ಅನ್ನುವ ಒಬ್ಬ ಸ್ಟೋರ್ ಅಧಿಕಾರಿಯ ಮಾತು ಕೇಳದ ಸೇನಾಪತಿಯನ್ನು ನಾನಂತೂ ನಂಬಲ್ಲ.

ಅಜ್ಜಂಪುರದವರು ಇದನ್ನು ಕೇಳಿದ್ದಕ್ಕೆ ನನಗೆ ಇನ್ನೂ ಬೇಜಾರು. ನಿಮ್ಮೂರ ಕಾವಲಿನ ಅಮೃತಮಹಲ್ ಎತ್ತುಗಳು ಹೈದರ್, ಟಿಪ್ಪುವಿನ ಫಿರಂಗಿ ಎಳೆದವು. 1791ರ ಮೇ ತಿಂಗಳಲ್ಲಿ ಬ್ರಿಟಿಷರ ಸೇನಾಪತಿ ಕಾರ್ನ್‌ವಾಲಿಸ್ ಅರಕೆರೆಯಲ್ಲಿ ಟಿಪ್ಪುವನ್ನು ಸೋಲಿಸಿದ. ಶ್ರೀರಂಗಪಟ್ಟಣ ಕಣ್ಣೆದುರಿಗೇ ಇತ್ತು. ಆದರೆ ಅವನ ಎತ್ತುಗಳು ಮೇವಿಲ್ಲದೆ ಸತ್ತಿದ್ದವು, ದಂಡಿಗೆ ಅಕ್ಕಿ ಇರಲಿಲ್ಲ. ಗೆದ್ದವನೇ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಬೆಂಗಳೂರಿಗೆ ವಾಪಸ್ ಹೊರಟ. ಮುಂದಿನ ವರ್ಷ ಬಂದಾಗ ದವಸ ಹೊತ್ತ ಬಂಜಾರರ ಎತ್ತುಗಳ ಸಾಲನ್ನು ಮೊದಲು ಗೊತ್ತು ಮಾಡಿಕೊಂಡು ಬಂದ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಇಲ್ಲಿ ಎಲ್ಲಿದೆ ಹಿಮ?

ಪ್ರಶ್ನೆ: ಅಣುಬಾಂಬ್ ಇರುವ ದೇಶ ಸೋಲೋಕೆ ಸಾಧ್ಯವಾ? (ಸಕಲೇಶಪುರ)

ವಿಯೆಟ್ನಾಂನಲ್ಲಿ ಅಮೆರಿಕದ ಹತ್ತಿರ ಇತ್ತು, ಅಫ್ಗಾನಿಸ್ತಾನದಲ್ಲಿ ಸೋವಿಯತ್ ಹತ್ತಿರವೂ ಇತ್ತು.

ಪ್ರಶ್ನೆ: ದೋರಸಮುದ್ರ ಬಿದ್ದದ್ದು ಶಾಪದಿಂದ ಅಂತಾರೆ, ನಿಜವಾ? (ಹಳೇಬೀಡು)

ಸುಮ್ನೆ ಕಟ್ಟುಕಥೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ ಬಂದಾಗ ಹೊಯ್ಸಳ ದೊರೆ ಮೂರನೇ ಬಲ್ಲಾಳ ದಕ್ಷಿಣದಲ್ಲಿ ಪಾಂಡ್ಯ ಅಣ್ಣತಮ್ಮಂದಿರ ಜಗಳದ ಲಾಭ ಪಡೆಯೋಕೆ ಹೋಗಿದ್ದ. ಮನೆ ಖಾಲಿ ಬಿಟ್ಟು ಪಕ್ಕದೂರಿನ ಪಂಚಾಯ್ತಿಗೆ ಹೋಗೋದು ಶಾಪ ಅಲ್ಲ.

ಪ್ರಶ್ನೆ: ಟಿವಿ ಜ್ಯೋತಿಷಿಯೊಬ್ಬರು ಶನಿ ಸ್ಥಾನ ನೋಡಿ ಯಾವ ದೇಶ ಗೆಲ್ಲುತ್ತದೆ ಅಂತ ಹೇಳಿದ್ದಾರೆ. ನಿಮ್ಮ ಅಭಿಪ್ರಾಯ? (ಕಡೂರು)

ಆ ದೇಶದಲ್ಲಿ ಎಷ್ಟು ದಿನಕ್ಕೆ ಡೀಸೆಲ್ ದಾಸ್ತಾನಿದೆ ಅಂತ ಅವರನ್ನೇ ಕೇಳಿ. ಶನಿ ಟ್ಯಾಂಕರ್ ಓಡಿಸಲ್ಲ.

ಪ್ರಶ್ನೆ: ಯುದ್ಧ ಬಂದರೆ ಕಾಫಿ ರೇಟು ಏರುತ್ತಾ? (ಮೂಡಿಗೆರೆ)

ನನ್ನ ವಿಷಯ ಅಲ್ಲ. ಈ ಪ್ರಶ್ನೆ ಇನ್ನು ಮೇಲೆ ಕಳಿಸಬೇಡಿ.

ಪ್ರಶ್ನೆ: ಮಗ ಸೈನ್ಯ ಸೇರಬೇಕು ಅಂತಾನೆ. ಟ್ಯಾಂಕ್ ವಿಭಾಗ ಒಳ್ಳೆಯದಾ, ಸರಬರಾಜು ವಿಭಾಗ ಒಳ್ಳೆಯದಾ? (ಅರಸೀಕೆರೆ)

ಹಾಕಿದ ಕಡೆ ಹೋಗ್ತಾನೆ, ನೀವು ಆರಿಸೋದಲ್ಲ. ಈಗಿನಿಂದಲೇ ದಿನಾ ಬೆಳಿಗ್ಗೆ 1.6 ಕಿ.ಮೀ. ಓಡಿಸಿ, ನೇಮಕಾತಿ ರ‍್ಯಾಲಿಯಲ್ಲಿ ಅದು ಇದ್ದೇ ಇರುತ್ತದೆ. ಪಾಸು ಮಾಡಿಸಿಕೊಡ್ತೀನಿ ಅಂತ ದುಡ್ಡು ಕೇಳುವ ಏಜೆಂಟ್ ಯಾರಾದರೂ ಬಂದರೆ ಪೊಲೀಸ್ ಠಾಣೆಗೆ ಹೋಗಿ.