ಅಡ್ಡಹೆಸರಿನ ಕಾಗುಣಿತ ತಿದ್ದಬೇಡಿ, ದಯವಿಟ್ಟು

"ಅಜ್ಜನ ಕಾಗದಗಳಲ್ಲಿ ಹೆಗಡೆ, ಹೆಗ್ಡೆ, ಹೆಗ್ಗಡೆ ಅಂತ ಮೂರು ಥರ ಇತ್ತು, ವಂಶವೃಕ್ಷದಲ್ಲಿ ಎಲ್ಲವನ್ನೂ ಹೆಗಡೆ ಮಾಡಿ ಕ್ಲೀನ್ ಮಾಡಿದೆ" ಅಂತ ಮೇಲೆ ಬರೆದಿದ್ದೀರಲ್ಲ, ಅದನ್ನು ಇವತ್ತೇ ವಾಪಸ್ ಮಾಡಿ. ಹಳೆಯ ಬ್ಯಾಕಪ್ ಇದ್ದರೆ ತೆಗೆಯಿರಿ. ನಾನೂ ಹೀಗೇ ಮಾಡಿ ಕೈ ಸುಟ್ಟುಕೊಂಡವನು. ಕಾಗದದಲ್ಲಿ ಹೇಗಿದೆಯೋ ಹಾಗೇ ಬರೆದುಕೊಳ್ಳಬೇಕು. ಒತ್ತು ತಪ್ಪಿದ್ದರೆ ತಪ್ಪೇ ಇರಲಿ. ಆ ಕಾಗದ ಯಾವ ಕಚೇರಿಯಿಂದ ಬಂತು, ಯಾವ ಲಿಪಿಯಿಂದ ನಕಲಾಯಿತು ಅನ್ನುವ ಸುಳಿವು ಅದರಲ್ಲೇ ಇರುತ್ತದೆ.

ನಿಮ್ಮದು ಉತ್ತರ ಕನ್ನಡ ಕಡೆ ಅಂದಿರಿ. ಆ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಅಣ್ಣ ಈ ಕಡೆ, ತಮ್ಮ ಆ ಕಡೆ ಇದ್ದರೆ ಇಬ್ಬರು ಗುಮಾಸ್ತರು ಎರಡು ಥರ ಬರೆದಿರುತ್ತಾರೆ, ಅಷ್ಟೇ. ಬೆಳಗಾವಿ, ಧಾರವಾಡದ ಕಡೆಯ ಹಳೆಯ ಕಾಗದ ಮೋಡಿಯಲ್ಲಿದ್ದರೆ (ಮರಾಠಿಯ ಹಳೆಯ ಕೂಡುಬರಹದ ಲಿಪಿ) ಇಕಾರ, ಉಕಾರದ ಹ್ರಸ್ವ-ದೀರ್ಘ ನಂಬಲೇಬೇಡಿ. ಕಲಬುರಗಿ ಕಡೆಯ ನಿಜಾಮರ ಕಾಲದ ಉರ್ದು ದಾಖಲೆಯಲ್ಲಿ ಳ, ಣ ಇಲ್ಲ, ಹ್ರಸ್ವ ಸ್ವರ ಬರೆಯದೇ ಬಿಡುತ್ತಾರೆ. ಅದನ್ನು ಆಮೇಲೆ ಯಾರೋ ಕನ್ನಡಕ್ಕೆ ಇಳಿಸಿದಾಗ ಏನು ಬೇಕಾದರೂ ಆಗಬಹುದು.

ಇನ್ನೊಂದು. ಕಾಗುಣಿತ ಒಂದೇ ಇದ್ದರೆ ಒಂದೇ ಮನೆತನ ಅಂತಲೂ ಅಲ್ಲ. ಹೆಗಡೆ ಹವ್ಯಕರಲ್ಲೂ ಇದೆ, ಬಂಟರಲ್ಲೂ ಇದೆ, ಜೈನರಲ್ಲೂ ಇದೆ. ಗೌಡ, ಪಾಟೀಲ, ಕುಲಕರ್ಣಿ, ಶಾನಭೋಗ, ನಾಡಿಗ ಎಲ್ಲ ಮೊದಲು ಅಧಿಕಾರದ ಹೆಸರುಗಳು. ಊರಿಗೊಬ್ಬ ಕುಲಕರ್ಣಿ ಇದ್ದೇ ಇರುತ್ತಿದ್ದ. ಪಕ್ಕದ ಊರಿನ ಕುಲಕರ್ಣಿಯನ್ನು ಸುಮ್ನೆ ದಾಯಾದಿ ಮಾಡಿಕೊಳ್ಳಬೇಡಿ.

ಹಾಗಾದರೆ ಹಿಡಿಯುವುದು ಏನನ್ನು? ನನ್ನ ಮಟ್ಟಿಗೆ ಸರ್ವೆ ನಂಬರ್. ನಮ್ಮ ಈ ವಂಶವೃಕ್ಷದ ಗುಂಪಿನಲ್ಲಿ ಎಷ್ಟು ಸಲ ಹೇಳಿದರೂ ಜನ ಹೆಸರನ್ನೇ ಹುಡುಕುತ್ತಾ ಕೂರುತ್ತಾರೆ. ಸರ್ಕಾರದ ಭೂದಾಖಲೆಯ "ಭೂಮಿ" ತಂತ್ರಾಂಶದ ಪಹಣಿ ನೋಡಿ ಅಲ್ಲಿಗೇ ನಿಲ್ಲಬೇಡಿ. ಆ ಹೆಸರುಗಳನ್ನು ಕೈಬರಹದಿಂದ ನೋಡಿ ಟೈಪ್ ಮಾಡಿದ್ದು. ನ ಇದ್ದದ್ದು ಸ ಆಗಿದೆ, ವ ಇದ್ದದ್ದು ಪ ಆಗಿದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟು ಕೈಬರಹದ ಪಹಣಿ, ಅದರಲ್ಲಿ ಕಂಡ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರಿನ ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ನಕಲು ತೆಗೆಸಿ. ಪೌತಿ ಖಾತೆಯ (ಸತ್ತವರಿಂದ ವಾರಸುದಾರರಿಗೆ ಖಾತೆ ಆದ) ನಮೂದು ಸಿಕ್ಕರೆ ಹಬ್ಬ. ಸತ್ತವರು ಯಾರು, ಹೆಂಡತಿ ಯಾರು, ಮಕ್ಕಳು ಎಷ್ಟು ಅಂತ ಒಂದೇ ಜಾಗದಲ್ಲಿ ಬರುತ್ತದೆ. ಅಪ್ಪ ಹೆಗ್ಗಡೆ, ಮಗ ಹೆಗ್ಡೆ ಆಗಿದ್ದರೂ ಜಮೀನು ಅದೇ ಅಲ್ವಾ? ಒಂದೊಂದೇ ನಮೂದು ಹಿಂದಕ್ಕೆ ಹೋಗಿ, ನಡುವೆ ಹಾರಬೇಡಿ.

ಇದಕ್ಕೂ ತೊಡಕುಗಳಿವೆ. ಪೋಡಿ ಆಗಿದ್ದರೆ, ಅಂದರೆ ಜಮೀನು ಅಳೆದು ಭಾಗ ಮಾಡಿದ್ದರೆ, ಹಿಸ್ಸಾ (ಭಾಗದ) ನಂಬರ್ ಬದಲಾಗಿರುತ್ತದೆ. ಮರುಸರ್ವೆ ಆಗಿದ್ದರೆ ಹಳೆಯ ನಂಬರು, ಹೊಸ ನಂಬರು ಎರಡನ್ನೂ ತಾಳೆ ನೋಡಬೇಕು. ಎಲ್ಲಕ್ಕಿಂತ ದೊಡ್ಡ ಗುಂಡಿ ಭೂಸುಧಾರಣೆ. ಗೇಣಿ ಜಮೀನುಗಳು 1974ರ ಮಾರ್ಚ್ 1ಕ್ಕೆ ಸರ್ಕಾರಕ್ಕೆ ಸೇರಿದವು. ಆಮೇಲೆ ಫಾರಂ 7 ಅನ್ನುವ ಅರ್ಜಿ ಕೊಟ್ಟ ಗೇಣಿದಾರರ ಹೆಸರಿಗೆ ಬಂದವು. ಆ ಹೊತ್ತಿನಲ್ಲಿ ಹೆಸರು ಬದಲಾಗಿದ್ದರೆ ಅದನ್ನು ವಾರಸು ಅಂದುಕೊಂಡು ಗೇಣಿದಾರರನ್ನು ನಿಮ್ಮ ಮುತ್ತಜ್ಜನ ಮಗ ಮಾಡಿಬಿಡಬೇಡಿ. ಈ ಗುಂಪಿನಲ್ಲೇ ಅಂಥ ಎರಡು ವಂಶವೃಕ್ಷ ನೋಡಿದ್ದೇನೆ.

ಬಿನ್, ಕೋಂ, ಯಾನೆ ಬಂದಲ್ಲಿ ನಿಧಾನ ಮಾಡಿ. ಬಿನ್ ಅಂದರೆ ಮಗ, ಕೋಂ ಅಂದರೆ ಹೆಂಡತಿ ಅಂತ ಗೊತ್ತಿಲ್ಲದೆ ಅದನ್ನು ಹೆಸರಿಗೇ ಸೇರಿಸಿ ಟೈಪ್ ಮಾಡಿದವರಿದ್ದಾರೆ. ಯಾನೆ (ಅಲಿಯಾಸ್) ಸಿಕ್ಕರೆ ಅದೃಷ್ಟ, ಎರಡೂ ಹೆಸರು ಬರೆದವರೇ ಕೊಟ್ಟಿದ್ದಾರೆ. ಮನೆಯ ಕಪಾಟಿನಲ್ಲಿ "ಇಬ್ಬರೂ ಒಂದೇ ವ್ಯಕ್ತಿ" ಅನ್ನುವ ಹಳೆಯ ಅಫಿಡವಿಟ್ ಇದ್ದರೆ ಎಸೆಯಬೇಡಿ.

ಕೆಳಗೆ ಒಬ್ಬರು ಸೌಂಡೆಕ್ಸ್ ಹಾಕಿ ಹುಡುಕಿ ಅಂದಿದ್ದಾರೆ. ಅದು ಒಂದೇ ಥರ ಕೇಳುವ ಹೆಸರುಗಳಿಗೆ ಒಂದೇ ಕೋಡ್ ಕೊಡುವ, 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ವಿಧಾನ. ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಟ್ಟು ಉಳಿದ ವ್ಯಂಜನಗಳಿಗೆ ಮೂರು ಅಂಕಿ ಕೊಡುತ್ತದೆ. ಗೌಡ ಅನ್ನುವುದನ್ನು ನೀವು ಹೇಗೆ ಬರೆದರೂ ಜಿ300 ಬರುತ್ತದೆ, ಸರಿ. ಆದರೆ ಒಡೆಯರ್ ನೋಡಿ. ಡಬ್ಲ್ಯೂ, ವಿ, ಓ ಮೂರರಿಂದಲೂ ಶುರು ಮಾಡಬಹುದು, ಮೂರೂ ಬೇರೆ ಕೋಡ್. ಕಾರ್ಯಪ್ಪ ಸಿ ಇಂದಲೂ ಕೆ ಇಂದಲೂ ಬರುತ್ತದೆ. ಹಾಗಾಗಿ ಮೊದಲ ಅಕ್ಷರ ಬದಲಿಸಿ ಬದಲಿಸಿ ಹುಡುಕಿ. ಡಿಸೋಜಾದಂಥ ಹೆಸರಾದರೆ ಇಂಗ್ಲಿಷಿನಲ್ಲಿ ಡಿ ಆದಮೇಲಿನ ಅಪಾಸ್ಟ್ರಫಿ ಇಟ್ಟು, ಬಿಟ್ಟು, ಜಾಗ ಕೊಟ್ಟು, ಬರೀ ಸೋಜಾ ಅಂತಲೂ ನೋಡಿ.

ವಂಶವೃಕ್ಷ ಬರೆದಿಡುವ ತಂತ್ರಾಂಶದ ವಿಷಯದಲ್ಲಿ ನನಗೆ ಗ್ರ್ಯಾಂಪ್ಸ್ ಸಾಕು. ಉಚಿತ, ಕನ್ನಡ ತೆಗೆದುಕೊಳ್ಳುತ್ತದೆ, ಒಬ್ಬರಿಗೆ ಎಷ್ಟು ಹೆಸರು ಬೇಕಾದರೂ ಸೇರಿಸಬಹುದು. ಪ್ರತಿ ಹೆಸರಿಗೂ ಯಾವ ಕಾಗದ ಅಂತ ಮೂಲ ಅಂಟಿಸಬಹುದು. ದುಡ್ಡು ಕೇಳುವ ಜಾಲತಾಣಗಳಿಗೆ ನಮ್ಮ ಕಡೆಯವರು ಯಾಕೆ ಓಡುತ್ತಾರೋ, ನಮ್ಮ ಪಹಣಿ ಅಲ್ಲಿ ಸಿಗುವುದಿಲ್ಲ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಇದ್ದರೆ ಮೊದಲು ಯೂನಿಕೋಡಿಗೆ ಬದಲಿಸಿ, ಇಲ್ಲದಿದ್ದರೆ ಹುಡುಕಿದರೂ ಸಿಗುವುದಿಲ್ಲ. ಫೋಟೊ ತೆಗೆಯುವಾಗ ಸ್ಕ್ಯಾನರ್ ಆಪಿನ ಕಪ್ಪು-ಬಿಳುಪು ಫಿಲ್ಟರ್ ಬೇಡವೇ ಬೇಡ. ಮಸುಕಾದ ಒತ್ತು, ಸೊನ್ನೆ ಮೊದಲು ಮಾಯವಾಗುವುದು ಅಲ್ಲೇ.

ಕರಾವಳಿಯ ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ ಎಣಿಸುವ) ಮನೆಯವರು ಇದನ್ನು ಓದುತ್ತಿದ್ದರೆ: ನಿಮಗೆ ಅಡ್ಡಹೆಸರಿಗಿಂತ "ಬಳಿ" (ಕುಲದ ಹೆಸರು) ಮುಖ್ಯ, ಅದು ತಾಯಿಯ ಕಡೆಯಿಂದ ಬರುತ್ತದೆ. ಅದಕ್ಕೇ ಬೇರೆ ಕಾಲಂ ಮಾಡಿ. ಉತ್ತರ ಕರ್ನಾಟಕದವರು ಬೆಡಗು (ಕುಲದೊಳಗಿನ ಗುಂಪಿನ ಹೆಸರು) ಬರೆದಿಡಿ. ನಿಮ್ಮ ಊರಿಗೆ ಹೆಳವರು (ಊರೂರು ತಿರುಗಿ ಮನೆತನಗಳ ವಂಶ ಹೇಳುವವರು) ಇನ್ನೂ ಬರುತ್ತಿದ್ದರೆ ಅವರು ವಂಶಾವಳಿ ಹೇಳುವುದನ್ನು ಪೂರ್ತಿ ರೆಕಾರ್ಡ್ ಮಾಡಿ. ನಡುವೆ ಬಾಯಿ ಹಾಕಿ "ಹಾಗಲ್ಲ, ಹೀಗೆ" ಅಂತ ತಿದ್ದಬೇಡಿ. ಅವರ ಬಳಿ ಹಳೆಯ ಕಾಗದವೋ ತಾಮ್ರದ ಪಟವೋ ಇದ್ದರೆ ಕೇಳಿಕೊಂಡು ಫೋಟೊ ತೆಗೆಯಿರಿ, ಸಂಭಾವನೆ ಕೊಡುವಾಗ ಕೈ ಹಿಡಿಯಬೇಡಿ.