ಚಿಪ್ ಕೈಗೆ ಬರುವ ಮೊದಲೇ ಐ2ಸಿ ಡ್ರೈವರ್ ಪರೀಕ್ಷೆ

ಪ್ರಶ್ನೆ: ಲಿನಕ್ಸ್‌ಗೆ ಒಂದು ಟೆಂಪರೇಚರ್ ಸೆನ್ಸರ್ ಡ್ರೈವರ್ ಬರೆಯುತ್ತಿದ್ದೇನೆ. ಎಲ್‌ಎಂ75 ಜಾತಿಯ ಐ2ಸಿ (ಎರಡು ತಂತಿಯ ಬಸ್) ಚಿಪ್. ಬೋರ್ಡ್ ಇನ್ನೂ ಬಂದಿಲ್ಲ. ಇಲ್ಲದ ಚಿಪ್ ಇದ್ದಂತೆ ನಟಿಸುವ ಐ2ಸಿ-ಸ್ಟಬ್ ಮಾಡ್ಯೂಲ್ ಹಾಕಿಕೊಂಡು ಪರೀಕ್ಷಿಸಬಹುದು ಎಂದು ಗೆಳೆಯರು ಹೇಳಿದರು. ಆದರೆ ಅದನ್ನು ಮಾಡ್‌ಪ್ರೋಬ್ ಮಾಡಿದರೆ (ಕರ್ನಲ್‌ಗೆ ಲೋಡ್ ಮಾಡಿದರೆ) ‘ನೋ ಸಚ್ ಡಿವೈಸ್’ ಎನ್ನುತ್ತದೆ. ಹಾರ್ಡ್‌ವೇರೇ ಬೇಡದ ಮಾಡ್ಯೂಲು ಡಿವೈಸ್ ಇಲ್ಲ ಅಂದರೆ ಹೇಗೆ? ಇದನ್ನು ಸರಿಯಾಗಿ ಹೊಂದಿಸುವುದು ಹೇಗೆ, ಇದರ ಮೇಲೆ ಎಷ್ಟು ನಂಬಿಕೆ ಇಡಬಹುದು?

ಉತ್ತರ: ನೀವು ವಿಳಾಸ ಕೊಟ್ಟಿಲ್ಲ, ಅಷ್ಟೇ. ಯಾವ ವಿಳಾಸದಲ್ಲಿ ಚಿಪ್ ಇದ್ದಂತೆ ನಟಿಸಬೇಕು ಎಂದು ‘ಚಿಪ್_ಅಡ್ರ್’ ಪ್ಯಾರಾಮೀಟರ್‌ನಲ್ಲಿ ಹೇಳದಿದ್ದರೆ ಸ್ಟಬ್ ಲೋಡ್ ಆಗುವುದಿಲ್ಲ. ಡಿಮೆಸ್ಗ್ (ಕರ್ನಲ್‌ನ ಲಾಗ್) ನೋಡಿದರೆ ವಿಳಾಸ ಕೊಡಿ ಎಂಬ ಸಾಲು ಸಿಗುತ್ತದೆ. ನಿಮ್ಮ ಚಿಪ್‌ಗೆ ಹೆಕ್ಸ್ (16ರ ಆಧಾರದ ಸಂಖ್ಯೆ) 48 ಕೊಡಿ. ಬೇಕಾದರೆ ಅಲ್ಪವಿರಾಮ ಹಾಕಿ ಒಟ್ಟು 10 ವಿಳಾಸಗಳವರೆಗೆ ಕೊಡಬಹುದು. ಹೆಕ್ಸ್ 03ರಿಂದ 77ರ ಒಳಗಿರಬೇಕು.

ಇದು ಮಾಡ್ಯೂಲ್ ಆಗಿ ಮಾತ್ರ ಬಿಲ್ಡ್ ಆಗುತ್ತದೆ, ಕರ್ನಲ್ ಒಳಗೇ ಸೇರಿಸಲು ಬರುವುದಿಲ್ಲ. ಕಾನ್ಫಿಗ್ ಮೆನುವಿನಲ್ಲಿ ಇದರ ಸಹಾಯ ಪಠ್ಯ ಓದಿ: ಇಲ್ಲೇನು ಮಾಡಬೇಕು ಎಂದು ಗೊತ್ತಿಲ್ಲದಿದ್ದರೆ ಖಂಡಿತ ‘ಎನ್’ ಒತ್ತಿ ಎಂದಿದೆ. ನಿಮಗೆ ಗೊತ್ತಿದೆ, ‘ಎಂ’ ಒತ್ತಿ.

ಲೋಡ್ ಆದಮೇಲೆ ಬಸ್ ಸಂಖ್ಯೆ ಹುಡುಕಿ. ಬಸ್‌ಗಳನ್ನು ಪ್ರೋಗ್ರಾಂಗಳಿಗೆ ತೆರೆದುಕೊಡುವ ಐ2ಸಿ-ಡೆವ್ ಮಾಡ್ಯೂಲನ್ನೂ ಹಾಕಿಕೊಂಡು, ಐ2ಸಿಡಿಟೆಕ್ಟ್ ಕಮಾಂಡ್‌ಗೆ ಬಸ್‌ಗಳ ಪಟ್ಟಿ ಕೇಳಿ. ‘ಎಸ್‌ಎಂಬಸ್ ಸ್ಟಬ್ ಡ್ರೈವರ್’ ಎಂಬ ಹೆಸರಿನ ಸಾಲೇ ನಿಮ್ಮದು (ಎಸ್‌ಎಂಬಸ್ ಅಂದರೆ ಐ2ಸಿ ಮೇಲೆ ಕಟ್ಟಿದ, ನಿಗದಿತ ಕಮಾಂಡ್‌ಗಳಿರುವ ಬಸ್). ದಯವಿಟ್ಟು ಬಸ್ ಸಂಖ್ಯೆಯನ್ನು ಊಹಿಸಬೇಡಿ. ಸಂಖ್ಯೆ ಪ್ರತಿ ಸಲ ಒಂದೇ ಇರುತ್ತದೆ ಎಂಬ ಖಾತರಿ ಇಲ್ಲ. ಮೆಷಿನ್‌ನ ನಿಜವಾದ ಎಸ್‌ಎಂಬಸ್ ಮೇಲೆ ರ‍್ಯಾಮ್‌ನ ವಿವರ ಹೊತ್ತ ಈಪ್ರಾಮ್ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಕೂತಿರುತ್ತದೆ. ಸಂಖ್ಯೆ ತಪ್ಪಿ ಅದರ ಮೇಲೆ ಬರೆದರೆ ಮೆಷಿನ್ ಬೂಟ್ ಆಗದೇ ಹೋಗಬಹುದು. ಅದಕ್ಕೇ ಇಂಥ ಕೆಲಸವನ್ನೆಲ್ಲ ವರ್ಚುವಲ್ ಮೆಷಿನ್ ಒಳಗೆ ಮಾಡುವುದು ಒಳ್ಳೆಯದು. ನಿಮ್ಮ ಡ್ರೈವರ್ ಊಪ್ಸ್ (ಕರ್ನಲ್ ಒಳಗಿನ ಕ್ರ್ಯಾಶ್) ಹೊಡೆದರೂ ಅಲ್ಲೇ ಹೊಡೆಯಲಿ.

ಈಗ ರಿಜಿಸ್ಟರ್ (ಚಿಪ್ ಒಳಗೆ ಬೆಲೆ ಇಡುವ ಚಿಕ್ಕ ಖಾನೆ) ತುಂಬಬೇಕು. ಸ್ಟಬ್ ಒಳಗೆ ಪ್ರತಿ ವಿಳಾಸಕ್ಕೂ 16 ಬಿಟ್‌ನ 256 ಖಾನೆಗಳ ಒಂದು ಅರೇ ಇದೆ, ಎಲ್ಲವೂ ಸೊನ್ನೆ. ಎಷ್ಟೋ ಡ್ರೈವರ್‌ಗಳು ಪ್ರೋಬ್‌ನಲ್ಲೇ (ಚಿಪ್‌ಗೆ ಅಂಟಿಕೊಳ್ಳುವ ಹಂತದಲ್ಲೇ) ಚಿಪ್ ಐಡಿ ಓದಿ, ಸೊನ್ನೆ ಕಂಡರೆ ಹಿಂದೆ ಸರಿಯುತ್ತವೆ. ಆದ್ದರಿಂದ ಮೊದಲು ಐ2ಸಿಸೆಟ್ ಕಮಾಂಡ್‌ನಿಂದ ಬೆಲೆ ತುಂಬಿ, ಆಮೇಲೆ ಡ್ರೈವರ್ ಲೋಡ್ ಮಾಡಿ. ನಿಜವಾದ ಚಿಪ್‌ನ ಡಂಪ್ (ರಿಜಿಸ್ಟರ್ ಬೆಲೆಗಳ ಪಟ್ಟಿ) ಯಾರ ಹತ್ತಿರವಾದರೂ ಇದ್ದರೆ, ಐ2ಸಿ-ಟೂಲ್ಸ್ ಜೊತೆ ಬರುವ ‘ಐ2ಸಿ-ಸ್ಟಬ್-ಫ್ರಮ್-ಡಂಪ್’ ಸ್ಕ್ರಿಪ್ಟ್ ಈ ಕೆಲಸವನ್ನೆಲ್ಲ ತಾನೇ ಮಾಡುತ್ತದೆ.

ನಿಮ್ಮ ಡ್ರೈವರ್‌ಗೆ ಮುಂಚೆ ಕರ್ನಲ್‌ನಲ್ಲಿರುವ ಎಲ್‌ಎಂ75 ಡ್ರೈವರನ್ನೇ ಈ ಸ್ಟಬ್ ಮೇಲೆ ಓಡಿಸಿ ನೋಡಿ. ಅದು ಸರಿ ಓದಿದರೆ ಹೊಂದಾಣಿಕೆ ಸರಿ ಇದೆ, ಇನ್ನು ತಪ್ಪಿದ್ದರೆ ನಿಮ್ಮ ಕೋಡ್‌ನಲ್ಲಿ. 25.5 ಡಿಗ್ರಿ ತೋರಿಸಬೇಕು ಅಂದುಕೊಳ್ಳಿ. ಡೇಟಾಶೀಟ್ ಪ್ರಕಾರ ರಿಜಿಸ್ಟರ್ ಸೊನ್ನೆಯಲ್ಲಿ ಹೆಕ್ಸ್ 1980 ಇರಬೇಕು. ಹಾಗೇ ಬರೆದರೆ ಡ್ರೈವರ್ ಮೈನಸ್ 128 ಡಿಗ್ರಿ ಎನ್ನುತ್ತದೆ! ಎಲ್‌ಎಂ75 ದೊಡ್ಡ (ಸಂಖ್ಯೆಯಲ್ಲಿ ಹೆಚ್ಚು ತೂಕದ) ಬೈಟನ್ನು ಮೊದಲು ಕಳಿಸುತ್ತದೆ, ಎಸ್‌ಎಂಬಸ್‌ನ ವರ್ಡ್‌ನಲ್ಲಿ ಚಿಕ್ಕದು ಮೊದಲು. ಡ್ರೈವರ್ ಅದನ್ನು ತಿರುಗಿಸಿ ಓದುತ್ತದೆ. ಹಾಗಾಗಿ ನೀವು ವರ್ಡ್ ಆಗಿ ಬರೆಯಬೇಕಾದದ್ದು ಹೆಕ್ಸ್ 8019. ಆಗ ‘ಟೆಂಪ್1_ಇನ್‌ಪುಟ್’ ಫೈಲ್ ಓದಿದರೆ 25500 ಬರುತ್ತದೆ, ಅಂದರೆ ಡಿಗ್ರಿಯ ಸಾವಿರದೊಂದು ಪಾಲಿನಲ್ಲಿ.

ಡ್ರೈವರ್ ತಾನಾಗಿ ಚಿಪ್‌ಗೆ ಅಂಟಿಕೊಳ್ಳದಿದ್ದರೆ, ಆ ಬಸ್‌ನ ಸಿಸ್‌ಎಫ್‌ಎಸ್ (/sys) ಡೈರೆಕ್ಟರಿಯಲ್ಲಿರುವ ‘ನ್ಯೂ_ಡಿವೈಸ್’ ಫೈಲಿಗೆ ಹೆಸರು, ವಿಳಾಸ ಬರೆಯಿರಿ. ಅಂಟಿಕೊಂಡ ಮೇಲೆ ಐ2ಸಿಸೆಟ್ ‘ಬಿಜಿ’ ಎಂದು ತಕರಾರು ತೆಗೆಯುತ್ತದೆ, ‘-ಎಫ್’ ಕೊಟ್ಟು ಒತ್ತಾಯಿಸಿ. ಸ್ಟಬ್ ಮೇಲೆ ಮಾತ್ರ ಹೀಗೆ ಮಾಡಿ. ಗರಿಷ್ಠ ಮಿತಿಯ ರಿಜಿಸ್ಟರ್ ಬದಲಿಸಿದರೂ ಹಳೆಯ ಬೆಲೆಯೇ ಕಂಡರೆ ಗಾಬರಿ ಬೇಡ. ಆ ಡ್ರೈವರ್ ಅದನ್ನು ರೆಜ್‌ಮ್ಯಾಪ್ (ರಿಜಿಸ್ಟರ್ ಓದು-ಬರಹಕ್ಕೆ ಕರ್ನಲ್‌ನಲ್ಲಿರುವ ಸೌಲಭ್ಯ) ಕ್ಯಾಶ್‌ನಿಂದ ಕೊಡುತ್ತಿದೆ. ಟೆಂಪರೇಚರ್ ಮಾತ್ರ ಪ್ರತಿ ಸಲ ಬಸ್‌ನಿಂದಲೇ ಬರುತ್ತದೆ.

ಬಸ್ ಮೇಲೆ ಏನು ಹೋಯಿತು, ಏನು ಬಂತು ಎಂದು ನೋಡಬೇಕು, ಅಲ್ವಾ? ಸ್ಟಬ್ ಪ್ರತಿ ಕಮಾಂಡನ್ನೂ ಲಾಗ್ ಮಾಡುತ್ತದೆ, ಆದರೆ ಡೀಬಗ್ ಮಟ್ಟದಲ್ಲಿ. ಡೀಬಗ್ ಸಾಲುಗಳನ್ನು ಓಡುವಾಗಲೇ ಆನ್ ಮಾಡುವ ಡೈನಾಮಿಕ್ ಡೀಬಗ್ ಇರುವ ಕರ್ನಲ್‌ನಲ್ಲಿ ಈ ಮಾಡ್ಯೂಲ್‌ಗೆ ‘+ಪಿ’ ಹಾಕಿದರೆ ಸಾಲುಗಳು ಬರುತ್ತವೆ. ಪ್ರೋಬ್‌ನಲ್ಲಿ ಬೇಡದ ಓದು ಎಷ್ಟಿದೆ ಎಂದು ಆಗ ಗೊತ್ತಾಗುತ್ತದೆ. ಸಾಮಾನ್ಯವಾಗಿ ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇರುತ್ತದೆ.

ನಂಬಿಕೆಯ ವಿಷಯ. ಸ್ಟಬ್ ಅನ್ನುವುದು ಮೆಮೊರಿ, ಚಿಪ್ ಅಲ್ಲ. ಬರೆದದ್ದನ್ನೇ ವಾಪಸ್ ಕೊಡುತ್ತದೆ. ರೀಸೆಟ್ ಬಿಟ್ ಬರೆದು ಅದು ತಾನಾಗಿ ಸೊನ್ನೆಯಾಗಲಿ ಎಂದು ನಿಮ್ಮ ಡ್ರೈವರ್ ಕಾದರೆ ಕಾಯುತ್ತಲೇ ಇರುತ್ತದೆ. ಇನ್ನೊಂದು ಟರ್ಮಿನಲ್‌ನಿಂದ ನೀವೇ ಆ ಬಿಟ್ ಇಳಿಸಬೇಕು. ಇದರಿಂದ ಒಂದು ಲಾಭವೂ ಇದೆ: ನಿಮ್ಮ ಲೂಪ್‌ಗೆ ಟೈಮ್‌ಔಟ್ ಇಲ್ಲದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ನಿಜವಾದ ಚಿಪ್ ಕೆಟ್ಟಾಗಲೂ ಡ್ರೈವರ್ ಹೀಗೇ ನೇತಾಡುತ್ತಿತ್ತು.

ಇನ್ನೊಂದು ಮಿತಿ ಇದಕ್ಕಿಂತ ಸೂಕ್ಷ್ಮ. ಸ್ಟಬ್‌ಗೆ ಎಸ್‌ಎಂಬಸ್ ಕಮಾಂಡ್‌ಗಳು ಮಾತ್ರ ಗೊತ್ತು. ನೇರ ಐ2ಸಿ ಸಂದೇಶ ಕಳಿಸುವ ‘ಐ2ಸಿ_ಟ್ರಾನ್ಸ್‌ಫರ್’ ಕರೆದರೆ ಬೆಂಬಲವಿಲ್ಲ ಎಂಬ ಎರರ್ ಬರುತ್ತದೆ. ರೆಜ್‌ಮ್ಯಾಪ್ ಬಳಸಿದ್ದರೆ, ರಿಜಿಸ್ಟರ್ ವಿಳಾಸ 8 ಬಿಟ್, ಬೆಲೆ 8 ಅಥವಾ 16 ಬಿಟ್ ಇದ್ದಾಗ ಅದು ಸುಮ್ನೆ ಎಸ್‌ಎಂಬಸ್ ದಾರಿ ಹಿಡಿಯುತ್ತದೆ. ಪರೀಕ್ಷೆ ಪಾಸ್ ಆಗುತ್ತದೆ, ಆದರೆ ಪೂರ್ತಿ ಐ2ಸಿ ಬರುವ ಕಂಟ್ರೋಲರ್ ಮೇಲೆ ಓಡುವ ದಾರಿಯೇ ಬೇರೆ. ಆ ದಾರಿಯನ್ನು ನೀವಿನ್ನೂ ಮುಟ್ಟಿಯೇ ಇಲ್ಲ. ಇದರ ತಿರುವುಮುರುವು ಪರೀಕ್ಷೆಗೆ ಯಾವ ಕಮಾಂಡ್‌ಗಳಿಗೆ ಬೆಂಬಲ ಎಂದು ಹೇಳುವ ‘ಫಂಕ್ಷನಾಲಿಟಿ’ ಪ್ಯಾರಾಮೀಟರ್ ಇದೆ. ಹೆಕ್ಸ್ 1ಎಫ್0000 ಕೊಟ್ಟರೆ ಕ್ವಿಕ್, ಬೈಟ್, ಬೈಟ್ ಡೇಟಾ ಮಾತ್ರ ಉಳಿಯುತ್ತವೆ. ಬಡಪಾಯಿ ಕಂಟ್ರೋಲರ್ ಸಿಕ್ಕಾಗ ನಿಮ್ಮ ಡ್ರೈವರ್ ಮರ್ಯಾದೆಯಿಂದ ಎರರ್ ಕೊಡುತ್ತದೋ ಇಲ್ಲವೋ ನೋಡಬಹುದು.

ಇಂಟರಪ್ಟ್, ಟೈಮಿಂಗ್ ಇವೆರಡಕ್ಕೂ ಸ್ಟಬ್‌ನಲ್ಲಿ ಏನೂ ಇಲ್ಲ. ನಿಮ್ಮ ಚಿಪ್ ಜಾತಿಗೆ ಕ್ಯೂಎಂಯು ಎಮ್ಯುಲೇಟರ್‌ನಲ್ಲಿ ಟಿಎಂಪಿ105 ಮಾದರಿ ಇದೆ. ಅಲರ್ಟ್ ಪಿನ್ (ಮಿತಿ ಮೀರಿದಾಗ ಸೂಚನೆ ಕೊಡುವ ಪಿನ್) ಪರೀಕ್ಷಿಸುವ ಹೊತ್ತಿಗೂ ಬೋರ್ಡ್ ಬಂದಿರದಿದ್ದರೆ ಅದನ್ನು ಹಿಡಿಯಿರಿ.